ಆಫೀಸಿನ ಒಂದೇ ಮೇಲ್‌ಬಾಕ್ಸ್ ಐದು ಜನ ನೋಡ್ತೀವಿ. ಯಾರು ಓದಿದರು ಅಂತ ತಿಳಿಯೋದು ಹೇಗೆ?

ಕೇಳಿದವರು: ಗೋಕುಲ ರಸ್ತೆ, ಹುಬ್ಬಳ್ಳಿ

ನಮ್ಮದು ವಾಲ್ವ್ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ. ಆರ್ಡರ್‌ಗಳಿಗೆಂದೇ ಮೈಕ್ರೋಸಾಫ್ಟ್ 365ರ ಒಂದು ಶೇರ್ಡ್ ಮೇಲ್‌ಬಾಕ್ಸ್ ಇದೆ. ಆಫೀಸಿನ ಐದೂ ಜನ ನಮ್ಮ ನಮ್ಮ ಔಟ್‌ಲುಕ್‌ನಲ್ಲಿ ಅದನ್ನು ತೆರೆದಿಟ್ಟುಕೊಂಡಿರುತ್ತೇವೆ. ಹೋದ ತಿಂಗಳು ಒಬ್ಬ ಹಳೇ ಗಿರಾಕಿ ಬದಲಾದ ಅಳತೆ ಕಳಿಸಿದ್ದರು. ಆ ಮೇಲ್ ಓದಿ ಆಗಿದೆ ಅಂತ ತೋರಿಸುತ್ತಿತ್ತು. ಯಾರೋ ನೋಡಿಕೊಂಡಿರಬೇಕು ಅಂತ ಎಲ್ಲರೂ ಸುಮ್ಮನಾದೆವು. ಮಾಲು ಹಳೇ ಅಳತೆಗೇ ತಯಾರಾಗಿ ಹೋಯಿತು. ಪೂರ್ತಿ ಲಾಟ್ ವಾಪಸ್ ಬಂತು.

ಈಗ ಮಾಲಕರು ಕೇಳುವುದು ಒಂದೇ ಮಾತು: ಆ ಮೇಲ್ ತೆರೆದವರು ಯಾರು? ಐದೂ ಜನರೂ ನೋಡಿದ ನೆನಪಿಲ್ಲ ಅನ್ನುತ್ತಿದ್ದಾರೆ. ಅವರು ಸುಳ್ಳು ಹೇಳುವವರಲ್ಲ, ಹತ್ತು ವರ್ಷದಿಂದ ನೋಡಿದ್ದೇನೆ. ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿದೆ. ಪತ್ತೆ ಹಚ್ಚುವ ದಾರಿ ಇದೆಯಾ? ಮುಂದೆ ಹೀಗಾಗದ ಹಾಗೆ ನೀವೆಲ್ಲ ಏನು ಮಾಡಿಕೊಂಡಿದ್ದೀರಿ?

ಧಾರವಾಡದಿಂದ, ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವರು

ಅಣ್ಣಾರೆ, ಮೊದಲು ನಿಮ್ಮ ಐದೂ ಜನರ ಪರವಾಗಿ ಒಂದು ಮಾತು. ಯಾರೂ ಓದದಿದ್ದರೂ ಮೇಲ್ 'ಓದಿದ್ದು' ಆಗುತ್ತದೆ. ಔಟ್‌ಲುಕ್‌ನ ಬದಿಯ ಕಿಟಕಿಯಲ್ಲಿ ಮೇಲ್ ತಾನಾಗಿ ತೆರೆದುಕೊಳ್ಳುತ್ತದೆ ನೋಡಿ, ರೀಡಿಂಗ್ ಪೇನ್ ಅನ್ನುತ್ತಾರೆ. ಒಂದು ಮೇಲ್ ಮೇಲೆ ಇದ್ದು ಮುಂದಿನದಕ್ಕೆ ಹೋದರೆ ಸಾಕು, ಹಿಂದಿನದು ಓದಿದ ಲೆಕ್ಕಕ್ಕೆ ಸೇರುತ್ತದೆ. ಬಾಣದ ಕೀಲಿ ಒತ್ತುತ್ತಾ ಬೇರೆ ಏನನ್ನೋ ಹುಡುಕುತ್ತಿದ್ದವರು ನಿಮ್ಮ ಗಿರಾಕಿಯ ಮೇಲ್ ದಾಟಿ ಹೋಗಿರಬಹುದು. ಹಾಗಿದ್ದರೆ ಅವರಿಗೆ ನೆನಪು ಎಲ್ಲಿಂದ ಬರಬೇಕು? ಈ ಮಾತನ್ನು ಮಾಲಕರಿಗೆ ದಯವಿಟ್ಟು ಕಂಪ್ಯೂಟರ್ ಮುಂದೆ ಕೂರಿಸಿಯೇ ತೋರಿಸಿ.

ಒಬ್ಬರು ಮುಟ್ಟಿದ್ದು ಎಲ್ಲರಿಗೂ ಓದಿದ್ದಾಗಿ ಕಾಣುವುದು ಯಾಕೆ ಅಂದರೆ, ಆ ಗುರುತು ಇರುವುದು ಮೇಲ್‌ಬಾಕ್ಸ್‌ನಲ್ಲಿ. ಒಂದು ಮೇಲ್‌ಗೆ ಒಂದೇ ಗುರುತು. ಐದು ಜನರಿಗೆ ಐದು ಗುರುತು ಇಲ್ಲ.

ಈಗ ಪತ್ತೆಯ ಮಾತು. ಮೈಕ್ರೋಸಾಫ್ಟ್ 365ರಲ್ಲಿ 2019ರಿಂದ ಮೇಲ್‌ಬಾಕ್ಸ್ ಆಡಿಟ್ ತಾನಾಗಿಯೇ ಆನ್ ಇರುತ್ತದೆ. ಯಾರು ಅಳಿಸಿದರು, ಯಾರು ಡಿಲೀಟೆಡ್ ಐಟಮ್ಸ್ ಫೋಲ್ಡರ್‌ಗೆ ಹಾಕಿದರು ಅನ್ನುವುದು ಅದರಲ್ಲಿ ಸಿಗುತ್ತದೆ. ಓದಿದ್ದಕ್ಕೂ ಒಂದು ದಾಖಲೆ ಇದೆ, ಹೆಸರು 'ಮೇಲ್ ಐಟಮ್ಸ್ ಆ್ಯಕ್ಸೆಸ್ಡ್'. ಅದು ಬರುತ್ತದೋ ಇಲ್ಲವೋ ಅನ್ನುವುದು ಪ್ಲಾನ್ ಮತ್ತು ಲೈಸೆನ್ಸ್ ಮೇಲೆ ನಿಂತಿದೆ. ಸಾಮಾನ್ಯ ಪ್ಲಾನ್‌ನಲ್ಲಿ ಆಡಿಟ್ ದಾಖಲೆ 180 ದಿನ ಉಳಿಯುತ್ತದೆ. ನಿಮ್ಮದು ಹೋದ ತಿಂಗಳ ವಿಷಯ, ಹಾಗಾಗಿ ಹುಡುಕಿ ನೋಡಲು ಸಮಯ ಇದೆ.

ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಬ್ರೌಸರ್‌ನಲ್ಲಿ ಮೇಲ್ ತೆರೆದರೆ ಆ ಒಂದು ಮೇಲ್‌ನ ದಾಖಲೆ ಬೀಳುತ್ತದೆ. ಕಂಪ್ಯೂಟರ್‌ಗೆ ಹಾಕಿಕೊಂಡ ಔಟ್‌ಲುಕ್ ಹಾಗಲ್ಲ. ಅದು ಇಡೀ ಫೋಲ್ಡರನ್ನೇ ಇಳಿಸಿಕೊಳ್ಳುತ್ತದೆ. ಆಗ ದಾಖಲೆಯಲ್ಲಿ ಬರುವುದು 'ಇವರ ಕಂಪ್ಯೂಟರ್‌ಗೆ ಈ ಫೋಲ್ಡರ್ ಇಳಿಯಿತು' ಅಂತ ಅಷ್ಟೇ. ಐದೂ ಜನ ಔಟ್‌ಲುಕ್ ಬಳಸುತ್ತಿದ್ದರೆ ಐದೂ ಹೆಸರು ಬರುತ್ತವೆ. ಅದರಲ್ಲಿ ಒಬ್ಬರನ್ನು ಬೊಟ್ಟು ಮಾಡಿ ತೋರಿಸಿದರೆ ಅನ್ಯಾಯವಾಗುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಆಫೀಸಿನಲ್ಲಿ ಹೀಗೇ ಅರ್ಧ ದಾಖಲೆ ಹಿಡಿದು ಒಬ್ಬ ಹುಡುಗಿಗೆ ಬೈದರು. ಆ ದಿನ ಅವಳು ರಜೆಯಲ್ಲಿದ್ದಳು, ಕಂಪ್ಯೂಟರ್ ಮಾತ್ರ ಆನ್ ಇತ್ತು. ಅವಳು ಕೆಲಸ ಬಿಟ್ಟು ಹೋದಳು. ಆ ದಾಖಲೆ ತೆಗೆದು ಕೊಟ್ಟವನು ನಾನು. ಕೊಡುವಾಗಲೇ ಇದನ್ನೆಲ್ಲ ಬಿಡಿಸಿ ಹೇಳಬೇಕಿತ್ತು. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ರೀಡ್ ರಿಸೀಟ್, ಅಂದರೆ ಮೇಲ್ ತೆರೆದರು ಅಂತ ತಿಳಿಸುವ ಸೂಚನೆ, ಕೇಳಿದರೆ ಆಗುತ್ತದಾ ಅಂತ ಕೆಲವರು ಕೇಳುತ್ತಾರೆ. ಅದು ಹೋಗುವುದು ಕಳಿಸಿದವರಿಗೆ. ನಿಮಗೆ ಉಪಯೋಗ ಇಲ್ಲ.

ಇವತ್ತೇ ಮಾಡಬಹುದಾದ ಕೆಲಸ ಎರಡಿವೆ. ಐದೂ ಕಂಪ್ಯೂಟರ್‌ಗಳಲ್ಲಿ ರೀಡಿಂಗ್ ಪೇನ್ ಸೆಟ್ಟಿಂಗ್‌ಗೆ ಹೋಗಿ, ಮೇಲ್ ತಾನಾಗಿ ಓದಿದ್ದು ಆಗುವ ಟಿಕ್ ಗುರುತುಗಳನ್ನು ತೆಗೆಯಿರಿ. ಇನ್ನೊಂದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ಶೇರ್ಡ್ ಮೇಲ್‌ಬಾಕ್ಸ್ ಹೆಸರಿನಲ್ಲಿ ನೀವು ಉತ್ತರ ಕಳಿಸಿದರೆ, ಅದರ ಪ್ರತಿ ಉಳಿಯುವುದು ನಿಮ್ಮ ಸ್ವಂತ ಸೆಂಟ್ ಫೋಲ್ಡರ್‌ನಲ್ಲಿ. ಉಳಿದ ನಾಲ್ವರಿಗೆ ಉತ್ತರ ಹೋದದ್ದೇ ಗೊತ್ತಾಗುವುದಿಲ್ಲ. ಅಡ್ಮಿನ್ ಸೆಟ್ಟಿಂಗ್‌ನಲ್ಲಿ, ಶೇರ್ಡ್ ಮೇಲ್‌ಬಾಕ್ಸ್‌ನ ಸೆಂಟ್‌ನಲ್ಲೂ ಒಂದು ಪ್ರತಿ ಉಳಿಯುವ ಹಾಗೆ ಮಾಡಬಹುದು. ಇದೊಂದರಿಂದಲೇ ಅರ್ಧ ಗೊಂದಲ ಹೋಗುತ್ತದೆ.

ಗದಗದಿಂದ, ಮುದ್ರಣಾಲಯ

ನಮ್ಮಲ್ಲೂ ಇದೇ ಆಗಿತ್ತು. ದೀಪಾವಳಿ ಮುಗಿಯುತ್ತಿದ್ದ ಹಾಗೆ ಕ್ಯಾಲೆಂಡರ್ ಕೆಲಸದ ಒತ್ತಡ. ತಿದ್ದುಪಡಿ ಮೇಲ್ ರಾತ್ರಿ ಪಾಳಿಯಲ್ಲಿ ಯಾರೋ ತೆರೆದಿದ್ದರು, ಬೆಳಿಗ್ಗೆಯವರು ಹಳೇ ಫೈಲ್‌ನಿಂದಲೇ ಪ್ಲೇಟ್ ಮಾಡಿಸಿದರು.

ಆಮೇಲೆ ಔಟ್‌ಲುಕ್‌ನ ಬಣ್ಣದ ಕೆಟಗರಿ ಶುರು ಮಾಡಿದೆವು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಬಣ್ಣದ ಹೆಸರೇ ಆ ಮನುಷ್ಯರ ಹೆಸರು. ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿ ಒಬ್ಬರು ಹಾಕಿದ ಬಣ್ಣ ಎಲ್ಲರಿಗೂ ಕಾಣುತ್ತದೆ. ಮೊದಲ ಎರಡು ತಿಂಗಳು ಇದೂ ಕೆಟ್ಟಿತು. ಯಾಕಂದರೆ ಕೆಲಸ ಮುಗಿದ ಮೇಲೆ ಬಣ್ಣ ಹಾಕುತ್ತಿದ್ದರು. ಅಷ್ಟರಲ್ಲಿ ಇನ್ನೊಬ್ಬರೂ ಅದೇ ಕೆಲಸ ಹಿಡಿದಿರುತ್ತಿದ್ದರು, ಇಲ್ಲಾ ಇಬ್ಬರೂ ಬಿಟ್ಟಿರುತ್ತಿದ್ದರು. ಈಗ ಮೊದಲು ಬಣ್ಣ, ಆಮೇಲೆ ಕೆಲಸ. ಕೆಲಸ ಮುಗಿದರೆ ಮೇಲ್ 'ಮುಗಿದದ್ದು' ಫೋಲ್ಡರ್‌ಗೆ. ಇನ್‌ಬಾಕ್ಸ್‌ನಲ್ಲಿ ಬಣ್ಣ ಇಲ್ಲದ ಮೇಲ್ ಕಂಡರೆ ಅದಕ್ಕೆ ಇನ್ನೂ ಯಾರೂ ಇಲ್ಲ ಅಂತಲೇ ಲೆಕ್ಕ. ಓದಿದ್ದೋ ಇಲ್ಲವೋ ಅಂತ ನೋಡುವುದನ್ನೇ ಬಿಟ್ಟಿದ್ದೇವೆ.

ಒಂದು ಮಾತು ಮರೆಯಬೇಡಿ. ಊಟದ ಹೊತ್ತಿನಲ್ಲಿ ಫೋನ್‌ನಲ್ಲಿ ಸುಮ್ನೆ ತೆರೆದು ನೋಡುವುದನ್ನು ನಿಲ್ಲಿಸಿದ ಮೇಲೇ ಇದು ಸರಿಯಾಗಿ ನಡೆಯಿತು.

ಬ್ಯಾಡಗಿಯಿಂದ, ದಲಾಲಿ ಅಂಗಡಿ

ನಮ್ಮ ಕಥೆ ಬೇರೆ. ಜಿಮೇಲ್‌ನ ಒಂದೇ ಖಾತೆ, ಒಂದೇ ಪಾಸ್‌ವರ್ಡ್, ನಾಲ್ಕು ಜನ. ಮೆಣಸಿನಕಾಯಿ ಸೀಸನ್‌ನಲ್ಲಿ ಹೊರಗಿನ ವ್ಯಾಪಾರಿಗಳ ಮೇಲ್ ಒಂದರ ಹಿಂದೆ ಒಂದು ಬರುತ್ತವೆ. ಹೀಗೆ ಪಾಸ್‌ವರ್ಡ್ ಹಂಚಿಕೊಂಡರೆ ಯಾರು ಓದಿದರು ಅಂತ ತಿಳಿಯುವ ದಾರಿಯೇ ಇಲ್ಲ, ಗೂಗಲ್ ಕಣ್ಣಿಗೆ ನಾಲ್ವರೂ ಒಬ್ಬರೇ. ಜಿಮೇಲ್ ಪುಟದ ಕೆಳಗೆ 'ಡೀಟೇಲ್ಸ್' ಒತ್ತಿದರೆ ಎಲ್ಲಿಂದ, ಯಾವಾಗ ತೆರೆದಿದ್ದರು ಅಂತ ಸ್ವಲ್ಪ ಕಾಣುತ್ತದೆ. ಕೆಲಸ ಬಿಟ್ಟು ವರ್ಷವಾದ ನಮ್ಮ ಗುಮಾಸ್ತರ ಫೋನ್‌ನಲ್ಲಿ ಖಾತೆ ಇನ್ನೂ ತೆರೆದೇ ಇದೆ ಅಂತ ಗೊತ್ತಾದದ್ದು ಅಲ್ಲಿಂದಲೇ. ಅವರು ಒಳ್ಳೆಯವರು, ಏನೂ ಆಗಲಿಲ್ಲ. ಆದರೂ ಎದೆ ಧಸಕ್ ಅಂದಿತು.

ಆ ದಿನವೇ ಪಾಸ್‌ವರ್ಡ್ ಬದಲಿಸಿ, ಡೆಲಿಗೇಟ್ ಸೌಲಭ್ಯಕ್ಕೆ ಬಂದೆವು. ಸಾಮಾನ್ಯ ಜಿಮೇಲ್ ಖಾತೆಗೆ 10 ಜನರವರೆಗೆ ಸೇರಿಸಬಹುದು. ಅವರವರ ಸ್ವಂತ ಖಾತೆಯಿಂದಲೇ ಅಂಗಡಿಯ ಮೇಲ್ ನೋಡುತ್ತಾರೆ, ಉತ್ತರಿಸುತ್ತಾರೆ. ಪಾಸ್‌ವರ್ಡ್ ಬದಲಿಸಲು ಅವರಿಗೆ ಆಗುವುದಿಲ್ಲ. ಡೆಲಿಗೇಟ್ ಸೇರಿಸುವ ಜಾಗದಲ್ಲೇ ಇನ್ನೊಂದು ಆಯ್ಕೆ ಇದೆ: ಬೇರೆಯವರು ತೆರೆದರೂ ಮೇಲ್ ಓದದ್ದಾಗಿಯೇ ಉಳಿಯಲಿ ಅಂತ. ನಾವು ಅದನ್ನು ಇಟ್ಟಿದ್ದೇವೆ. ನಮ್ಮ ಮಾವನವರು ಸಂಜೆ ತಾವೇ ಕುಳಿತು ಒಂದೊಂದಾಗಿ ತೆರೆದ ಮೇಲಷ್ಟೇ ಅವು ಓದಿದ್ದಾಗುವುದು.

ಹಾವೇರಿಯಿಂದ, ನಿವೃತ್ತ ನೌಕರರು

ತಮ್ಮಾ, ನನಗೆ ಔಟ್‌ಲುಕ್ ಗೊತ್ತಿಲ್ಲ. ಟಪಾಲು ಗೊತ್ತು. 30 ವರ್ಷ ಸರ್ಕಾರಿ ಕಚೇರಿಯಲ್ಲಿ ಅದನ್ನೇ ನೋಡಿದ್ದೇನೆ.

ಬಂದ ಪತ್ರವನ್ನು ಎಲ್ಲರೂ ಒಡೆಯುವ ಹಾಗಿರಲಿಲ್ಲ. ಒಬ್ಬರೇ ಒಡೆಯಬೇಕು. ಆವಕ ರಿಜಿಸ್ಟರ್‌ನಲ್ಲಿ ನಂಬರ್ ಹಾಕಬೇಕು, ತಾರೀಖು ಬರೆಯಬೇಕು. ಸಾಹೇಬರು ಮೇಲೆ ಷರಾ ಬರೆದು, ಯಾವ ವಿಷಯ ನಿರ್ವಾಹಕರಿಗೆ ಅಂತ ಗುರುತು ಮಾಡುತ್ತಿದ್ದರು. ಆ ನಿರ್ವಾಹಕರು ಸಹಿ ಮಾಡಿ ಪತ್ರ ತೆಗೆದುಕೊಳ್ಳುತ್ತಿದ್ದರು. ನಡುವೆ ನಾಲ್ಕು ಜನ ಓದಿದರೂ ನಮಗೆ ಅದರ ಚಿಂತೆ ಇರಲಿಲ್ಲ. ಸಹಿ ಯಾರದು ಅಂತ ಮಾತ್ರ ನೋಡುತ್ತಿದ್ದೆವು. ಪತ್ರ ಕಳೆದುಹೋದ ಪ್ರಸಂಗ ನಮ್ಮಲ್ಲೂ ಇವೆ. ಎಲ್ಲವೂ ಸಹಿ ಬೀಳುವ ಮೊದಲೇ, ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದಾಗ ಕಳೆದವು.

ನಿಮ್ಮ ಐದು ಜನರಲ್ಲಿ ಟಪಾಲು ಒಡೆಯುವವರು ಯಾರು? ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅವರು ರಜೆ ಹಾಕಿದರೆ ಯಾರು, ಅದನ್ನೂ ಬರೆದಿಡಿ.

ಧಾರವಾಡದಿಂದ, ವಕೀಲರ ಕಚೇರಿ

ಯಾರು ಓದಿದರು ಅನ್ನುವುದು ಮುಖ್ಯವೇ ಅಲ್ಲ ಅನ್ನುವ ಹಾಗೆ ಮಾತು ಹೋಗುತ್ತಿದೆ. ನಮ್ಮ ಕೆಲಸದಲ್ಲಿ ಅದು ಮುಖ್ಯ. ಕಕ್ಷಿದಾರರ ಕಾಗದ ಬೇರೆಯವರ ಕಣ್ಣಿಗೆ ಬೀಳಬಾರದು. ಆದರೆ ಓದಿದ ಮೇಲೆ ಹಿಡಿದು ಏನು ಮಾಡುವುದು? ಹಾಗಾಗಿ ಅಂಥ ಪ್ರಕರಣಗಳನ್ನು ಶೇರ್ಡ್ ಮೇಲ್‌ಬಾಕ್ಸ್‌ಗೆ ಬರಲು ಬಿಡುವುದೇ ಇಲ್ಲ. ಬೇರೆ ವಿಳಾಸ, ಇಬ್ಬರಿಗೆ ಮಾತ್ರ ಪ್ರವೇಶ. ಮತ್ತೆ, ಆಡಿಟ್ ನೋಡುವುದಾದರೆ ನೌಕರರಿಗೆ ಮೊದಲೇ ಬರಹದಲ್ಲಿ ತಿಳಿಸಿ. ಗೊತ್ತಿಲ್ಲದ ಹಾಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಆಡಿಟ್ ತೆಗೆಸಿದೆವು. ಧಾರವಾಡದ ಅಣ್ಣಾವ್ರು ಹೇಳಿದ ಹಾಗೇ ಆಯಿತು. ಐದೂ ಹೆಸರು ಇದ್ದವು, ಫೋಲ್ಡರ್ ಇಳಿದ ದಾಖಲೆ ಮಾತ್ರ. ಮಾಲಕರ ಮುಂದೆ ಬಾಣದ ಕೀಲಿ ಒತ್ತಿ, ಮೂರು ಮೇಲ್ ತಾವಾಗಿ ಓದಿದ್ದಾಗುವುದನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಐವರನ್ನೂ ಕರೆದು ಚಹಾ ತರಿಸಿದರು. ಆ ವಿಷಯ ಅಲ್ಲಿಗೆ ನಿಂತಿತು.

ಟಿಕ್ ತೆಗೆದೆವು, ಸೆಂಟ್ ಪ್ರತಿ ಸರಿ ಮಾಡಿಸಿದೆವು. ಗದಗದವರ ಬಣ್ಣವೂ ಬಂತು. ವಾರಕ್ಕೊಬ್ಬರು ಟಪಾಲು ಒಡೆಯುವವರು, ಬೆಳಿಗ್ಗೆ ಹತ್ತಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ. ಅವರು ಬಣ್ಣ ಹಾಕುವವರೆಗೆ ಬೇರೆ ಯಾರೂ ಮುಟ್ಟುವುದಿಲ್ಲ. ಅಳತೆ ಬದಲಾದ ಮೇಲ್ ಬಂದರೆ ಪ್ರಿಂಟ್ ತೆಗೆದು, ಕಾರ್ಖಾನೆಯ ಸೂಪರ್‌ವೈಸರ್ ಸಹಿ ಪಡೆಯುತ್ತೇವೆ. ಇದು ಹಾವೇರಿಯ ಹಿರಿಯರಿಂದ ಕಲಿತದ್ದು.

ಒಂದು ಇನ್ನೂ ಬಗೆಹರಿದಿಲ್ಲ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಬರುವ ಮೇಲ್‌ಗಳಿಗೆ ಯಾರೂ ಇಲ್ಲ. ನಿಮ್ಮಲ್ಲಿ ಅದಕ್ಕೆ ಏನು ಮಾಡುತ್ತೀರಿ?