ಹಿತ್ತಿಲಿನ ಹಳದಿ ಚಿಟ್ಟೆಗಳು ಹೂವನ್ನು ಬಿಟ್ಟು ಎಲೆಯನ್ನೇಕೆ ಹುಡುಕುತ್ತವೆ?

ಪ್ರಶ್ನೆ (ತೀರ್ಥಹಳ್ಳಿಯಿಂದ): ಮಳೆ ಇಳಿಮುಖವಾದಾಗಿನಿಂದ ನಮ್ಮ ಹಿತ್ತಿಲಿಗೆ, ರೆಕ್ಕೆ ಮಡಚಿ ಕೂತರೆ ಹೆಬ್ಬೆರಳಿನಗಲವಿರುವ ಹಳದಿ ಚಿಟ್ಟೆಗಳು ದಿನವೂ ಬರುತ್ತಿವೆ. ಗೊಂಡೆ ಹೂವು ಅರಳಿ ನಿಂತಿದ್ದರೂ ಕೆಲವು ಚಿಟ್ಟೆಗಳು ಬೇಲಿಯಂಚಿನ ಚಗಟೆ ಗಿಡದ ಎಳೆಯ ಎಲೆಗಳನ್ನೇ ಮುಟ್ಟಿ ಮುಟ್ಟಿ ಹೋಗುತ್ತವೆ. ಆ ಗಿಡಗಳನ್ನು ಕಳೆಯೆಂದು ಕೀಳಿಸುವವನಿದ್ದೆ, ಕೀಳಿಸಬಹುದೇ?

ಉತ್ತರ 1: ದಯವಿಟ್ಟು ಈಗಲೇ ಕೀಳಿಸಬೇಡಿ. ನಿಮ್ಮ ವರ್ಣನೆ ಯೂರೆಮಾ ಕುಲದ ಚಿಟ್ಟೆಗಳಿಗೆ ಹೊಂದುತ್ತದೆ. ಅವುಗಳಲ್ಲಿ ಎಲ್ಲೆಡೆ ಕಾಣುವ ಯೂರೆಮಾ ಹೆಕಾಬೆ ರೆಕ್ಕೆ ಬಿಚ್ಚಿದಾಗ ಸುಮಾರು 40ರಿಂದ 50 ಮಿ.ಮೀ. ಅಗಲವಿರುತ್ತದೆ. ಎಲೆ ಮುಟ್ಟುತ್ತಿರುವುದು ಹೆಣ್ಣು ಚಿಟ್ಟೆ. ಅದು ಕಾಲುಗಳಿಂದಲೇ ಎಲೆಯ ರುಚಿ ನೋಡಿ, ಮರಿಹುಳುವಿಗೆ ತಕ್ಕ ಗಿಡವೆಂದು ಖಚಿತವಾದ ಮೇಲಷ್ಟೇ ಹೊಟ್ಟೆಯ ತುದಿಯನ್ನು ಬಾಗಿಸಿ ಒಂದೊಂದೇ ಮೊಟ್ಟೆಯಿಡುತ್ತದೆ. ಎಲೆಯನ್ನು ಓರೆಯಾಗಿ ಹಿಡಿದು ನೋಡಿ: ಅಕ್ಕಿನುಚ್ಚಿಗಿಂತ ಸಣ್ಣದಾದ, ಕದಿರಿನಾಕಾರದ ಬಿಳಿ ಮೊಟ್ಟೆ ನೆಟ್ಟಗೆ ನಿಂತಿರುವುದು ಕಂಡೀತು.

ಉತ್ತರ 2: ನಮ್ಮ ಕರಾವಳಿಯಲ್ಲಿ ಚಗಟೆಯ ಚಿಗುರನ್ನು ಪಲ್ಯಕ್ಕೆ ಕೊಯ್ಯುತ್ತೇವೆ, ಹಾಗಾಗಿ ಅದನ್ನು ಕಳೆಯೆಂದು ಕರೆದದ್ದಕ್ಕೆ ನನ್ನ ಸಣ್ಣ ತಕರಾರಿದೆ. ಸೊಪ್ಪು ಬಿಡಿಸುವಾಗ ಎಲೆಯದೇ ಬಣ್ಣದ ತೆಳ್ಳನೆಯ ಹುಳು ಸಿಕ್ಕಿದರೆ ಅದೇ ಗಿಡಕ್ಕೆ ಮರಳಿಸಿ.

ಪ್ರಶ್ನೆ ಕೇಳಿದವರು: ಮೊಟ್ಟೆ ಕಂಡಿತು, ಧನ್ಯವಾದ. ಬಚ್ಚಲ ನೀರು ಹರಿಯುವ ತೇವದ ಮಣ್ಣಿನಲ್ಲಿಯೂ ಏಳೆಂಟು ಚಿಟ್ಟೆಗಳು ಒತ್ತಾಗಿ ಕೂತಿದ್ದವು.

ಉತ್ತರ 1: ಅವು ಬಹುತೇಕ ಗಂಡುಗಳು. ಮಕರಂದದಲ್ಲಿ ಸಾಕಷ್ಟು ಸಿಗದ ಉಪ್ಪಿನಂಶವನ್ನು ಅವು ಮಣ್ಣಿನ ನೀರಿನಿಂದ ಹೀರಿಕೊಳ್ಳುತ್ತವೆ.