ಸಹಾಯ ಬೇಕು: ಅಮ್ಮನ ಮಂಡಿ ನೋವು ಎಷ್ಟಿದೆ ಅಂತ ತಿಳಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 74 ವರ್ಷ, ಎರಡೂ ಮಂಡಿ ಸವೆದಿವೆ. ಬಿಪಿ ಇದೆ, ರಕ್ತಪರೀಕ್ಷೆಯಲ್ಲಿ ಕಿಡ್ನಿ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ, ಹಾಗಾಗಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬೇಡವೇ ಬೇಡ ಅಂದಿದ್ದಾರೆ ಡಾಕ್ಟರ್. ಸದ್ಯ ಪ್ಯಾರಾಸಿಟಮಾಲ್, ಬಿಸಿನೀರಿನ ಚೀಲ, ಅಷ್ಟೇ.

ಸೊನ್ನೆಯಿಂದ 10ರೊಳಗೆ ನೋವು ಎಷ್ಟಮ್ಮ ಅಂತ ಕೇಳಿದರೆ ಯಾವಾಗಲೂ "ಎರಡೋ ಮೂರೋ ಇರಬಹುದು ಬಿಡು" ಅಂತಾರೆ. ಡಾಕ್ಟರ್ ಮುಂದೆಯೂ ಅದೇ ಉತ್ತರ. ಆದರೆ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಾರೆ, ರಾತ್ರಿ ಮಗ್ಗುಲು ಬದಲಿಸುವಾಗ ನರಳುತ್ತಾರೆ, ಮೂರು ತಿಂಗಳಿಂದ ದೇವಸ್ಥಾನದ ಮೆಟ್ಟಿಲು ಹತ್ತಿಲ್ಲ. ಇದು ಎರಡರ ನೋವಲ್ಲ ಅಲ್ವಾ? ನಮಗೆ ತೊಂದರೆ ಆಗಬಾರದು ಅಂತ ಸುಮ್ನೆ ನುಂಗಿಕೊಳ್ಳುತ್ತಾರೆ, ನೋಡಿದರೆ ಕರುಳು ಹಿಂಡುತ್ತದೆ.

ಈಗ ಗೋಡೆ ಕ್ಯಾಲೆಂಡರ್‌ನಲ್ಲೇ ಬರೆದಿಡುತ್ತಿದ್ದೇನೆ. ಎದ್ದಾಗ ಕಾಲು ಎಷ್ಟು ನಿಮಿಷ ಬಿಗಿದಿತ್ತು, ಕೈ ಊರದೆ ಕುರ್ಚಿಯಿಂದ ಏಳಲು ಆಯಿತಾ, ನಿದ್ದೆ ಎಷ್ಟು ಸಲ ಕೆಟ್ಟಿತು.

ವೊಮ್ಯಾಕ್ ಅಂತ 24 ಪ್ರಶ್ನೆಗಳ ಪಟ್ಟಿ ಇದೆ. ನೋವು, ಬಿಗಿತ, ದಿನದ ಕೆಲಸ ಮೂರನ್ನೂ ಕೇಳುತ್ತದೆ. ಅದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಕೇಳಿ ಬರೆದುಕೊಂಡವರು ಇದ್ದೀರಾ? ಬೇರೆ ಸುಲಭ ದಾರಿ ಇದ್ದರೂ ಹೇಳಿ.

ಇನ್ನೊಂದು, ತೊಡೆಗೆ ಬಲ ಬರಲು ಫಿಸಿಯೋ ಹೇಳಿಕೊಟ್ಟ ವ್ಯಾಯಾಮವನ್ನು ನೋಯುತ್ತೆ ಅಂತ ಎರಡೇ ದಿನಕ್ಕೆ ಬಿಟ್ಟರು. ಬಲ ಮಂಡಿ ಜಾಸ್ತಿ ನೋಯುವುದರಿಂದ ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು ಅಂದರೂ ನಾಚಿಕೆ. ನಿಮ್ಮ ಅಪ್ಪ, ಅಮ್ಮ, ಅಜ್ಜಿಯನ್ನು ನೀವು ಹೇಗೆ ಒಪ್ಪಿಸಿದಿರಿ? ಮುಂದಿನ ವಾರ ಮತ್ತೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಅಷ್ಟರೊಳಗೆ ಹೇಳಿದರೆ ತುಂಬಾ ಉಪಕಾರ.