ಜೈಂಟ್ಸ್: ಈ ಚಳಿಗಾಲ ಪಿಚರ್ ಕೊಳ್ಳೋದೋ, ಟ್ರೇಡ್‌ನಲ್ಲಿ ತರೋದೋ?

ಕೋವ್_ದಡ:

ಅಮೆರಿಕದ ಬೇಸ್‌ಬಾಲ್ ಲೀಗ್‌ನಲ್ಲಿ 2025ರ ನವೆಂಬರ್ 18ರ ಗಡುವು ದಾಟಿತು. ಕ್ವಾಲಿಫೈಯಿಂಗ್ ಆಫರ್ (ಒಪ್ಪಂದ ಮುಗಿದ ಆಟಗಾರನಿಗೆ ಹಳೇ ತಂಡ ಕೊಡೋ ಒಂದು ವರ್ಷದ ಆಫರ್) ಯಾರು ಒಪ್ಪಿದ್ರು, ಯಾರು ಬೇಡ ಅಂದ್ರು ಅನ್ನೋದು ಈಗ ಎಲ್ಲರಿಗೂ ಗೊತ್ತು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ 2025ರಲ್ಲಿ 81 ಗೆದ್ದು 81 ಸೋತಿತು. ಮ್ಯಾನೇಜರ್ ಬಾಬ್ ಮೆಲ್ವಿನ್ ಜಾಗಕ್ಕೆ ಟೆನೆಸ್ಸೀ ಕಾಲೇಜು ತಂಡದಿಂದ ಟೋನಿ ವೈಟೆಲ್ಲೊ ಬಂದಿದ್ದಾರೆ. ಬಸ್ಟರ್ ಪೋಸಿ ತಂಡ ಕಟ್ಟೋ ಅಧಿಕಾರ ಹಿಡಿದ ಮೇಲೆ ಹಣ ಹೆಚ್ಚಾಗಿ ಬ್ಯಾಟಿಂಗ್ ಕಡೆ ಹರಿದಿದೆ: ವಿಲ್ಲಿ ಆಡಾಮೆಸ್‌ಗೆ 7 ವರ್ಷಕ್ಕೆ 182 ಮಿಲಿಯನ್ ಡಾಲರ್, ಆಮೇಲೆ ಜೂನ್‌ನಲ್ಲಿ ಬಾಸ್ಟನ್‌ನಿಂದ ರಫಾಯೆಲ್ ಡೆವರ್ಸ್, 2033ರವರೆಗಿನ ಇಡೀ ಒಪ್ಪಂದದ ಸಮೇತ. ಮ್ಯಾಟ್ ಚಾಪ್‌ಮನ್‌ಗೆ 6 ವರ್ಷದ 151 ಮಿಲಿಯನ್ ಅದಕ್ಕೂ ಸ್ವಲ್ಪ ಮುಂಚಿನದು.

ಪಿಚಿಂಗ್ (ಚೆಂಡು ಎಸೆಯೋ ಕಡೆ) ನೋಡಿದರೆ ಲೋಗನ್ ವೆಬ್, ರಾಬಿ ರೇ, ಲ್ಯಾಂಡನ್ ರೂಪ್. ಅಲ್ಲಿಂದಾಚೆಗೆ ಗಟ್ಟಿ ಹೆಸರಿಲ್ಲ. ಜಸ್ಟಿನ್ ವರ್ಲ್ಯಾಂಡರ್‌ನ ಒಂದು ವರ್ಷದ ಒಪ್ಪಂದ ಮುಗಿದಿದೆ. ಮಾರುಕಟ್ಟೆಯಲ್ಲಿ ಫ್ರಾಂಬರ್ ವಾಲ್ಡೆಜ್, ಡಿಲನ್ ಸೀಸ್, ರೇಂಜರ್ ಸುವಾರೆಜ್, ಝ್ಯಾಕ್ ಗ್ಯಾಲನ್, ಮೈಕಲ್ ಕಿಂಗ್ ಇದ್ದಾರೆ. ಐವರೂ ಆಫರ್ ಬೇಡ ಅಂದವರೇ. ಜಪಾನಿನಿಂದ ತತ್ಸುಯ ಇಮಾಯಿ ಇದ್ದಾನೆ, ಅವನು ಒಪ್ಪಂದ ಮಾಡಿಕೊಳ್ಳೋ ಗಡುವು 2026ರ ಜನವರಿ 2.

ನನ್ನ ಪ್ರಶ್ನೆ ಎರಡು. ಇವರಲ್ಲಿ ಒಬ್ಬನಿಗೆ ದೊಡ್ಡ ಮೊತ್ತ ಕೊಡೋದು ಸರಿಯೋ, ಟ್ರೇಡ್ ದಾರಿ ಸರಿಯೋ? ಡೆವರ್ಸ್‌ಗಾಗಿ ಪಿಚರ್ ಕೈಲ್ ಹ್ಯಾರಿಸನ್‌ನ ಬಿಟ್ಟುಕೊಟ್ಟಿದ್ದು ತಪ್ಪಾಯಿತಾ? ಲೆಕ್ಕ ಗೊತ್ತಿರೋರು ಬಿಡಿಸಿ ಹೇಳಿ.

ಆರನೇ_ಇನ್ನಿಂಗ್ಸ್:

ಮೊದಲು ಎಷ್ಟು ಇನ್ನಿಂಗ್ಸ್ ಬೇಕು ಅಂತ ಎಣಿಸಿ, ಹೆಸರು ಆಮೇಲೆ ನೋಡೋಣ. 162 ಪಂದ್ಯ, ಪಂದ್ಯಕ್ಕೆ 9, ಒಟ್ಟು 1458. ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್) ಸರಾಸರಿ 5ರಿಂದ ಐದೂವರೆ ಇನ್ನಿಂಗ್ಸ್ ಎಸೆದರೆ ಅವರ ಪಾಲು 810ರಿಂದ 890. 2025ರಲ್ಲಿ ವೆಬ್ 207, ರೇ ಸುಮಾರು 182, ವರ್ಲ್ಯಾಂಡರ್ 152, ರೂಪ್ ಹತ್ತಿರಹತ್ತಿರ 107. ನಾಲ್ವರೂ ಸೇರಿ 650ರ ಆಸುಪಾಸು. ಈಗ ವರ್ಲ್ಯಾಂಡರ್‌ನ 152 ಕಳೆಯಿರಿ. ರೇಗೆ 34 ತುಂಬಿದೆ, ಅವನಿಂದ ಮತ್ತೆ 182 ಬರುತ್ತದೆ ಅಂತ ಬರೆದಿಟ್ಟುಕೊಳ್ಳಬಾರದು, 150 ಅಂದುಕೊಳ್ಳಿ. ಅಲ್ಲಿಗೆ 350ರಿಂದ 425 ಇನ್ನಿಂಗ್ಸ್ ಖಾಲಿ. ಸ್ಯಾಕ್ರಮೆಂಟೊದಿಂದ (ನಮ್ಮ ಕೆಳಗಿನ ಹಂತದ ತಂಡ) ಬರುವ ಹುಡುಗರು ಅದರಲ್ಲಿ ಅರ್ಧ ತುಂಬಬಹುದು. ಹೇಡನ್ ಬರ್ಡ್‌ಸಾಂಗ್ ಜುಲೈನಲ್ಲಿ ಸ್ಟ್ರೈಕ್ (ಬ್ಯಾಟರ್ ಎದುರಿನ ಚೌಕಟ್ಟಿನೊಳಗೆ ಬೀಳುವ ಚೆಂಡು) ಹಾಕೋದಕ್ಕೇ ಆಗದೆ ಕೆಳಗಿಳಿದಿದ್ದನ್ನು ನೋಡಿದ್ದೇವೆ, ಹಾಗಾಗಿ ಅರ್ಧಕ್ಕಿಂತ ಹೆಚ್ಚು ನಂಬುವಂತಿಲ್ಲ. ಅಂದರೆ ಒಬ್ಬ ಸಾಲದು, ಇಬ್ಬರು ಬೇಕು. ಒಬ್ಬ 170 ಇನ್ನಿಂಗ್ಸ್ ಎಸೆಯುವವನು, ಇನ್ನೊಬ್ಬ 120–130ಕ್ಕೆ ಒಂದು ವರ್ಷದ ಒಪ್ಪಂದದವನು.

ಇನ್ನು ಬೆಲೆ. ಪತ್ರಿಕೆಯಲ್ಲಿ ಬರುವ ಮೊತ್ತವಷ್ಟೇ ಬೆಲೆಯಲ್ಲ. ಆ ಐವರಲ್ಲಿ ಯಾರನ್ನು ತಂದರೂ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸುವ ಸರದಿ) ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನೋದು ತಂಡ ಹಿಂದಿನ ವರ್ಷ ಲಕ್ಷುರಿ ಟ್ಯಾಕ್ಸ್ (ಒಟ್ಟು ಸಂಬಳ ನಿಗದಿತ ಗೆರೆ ಮೀರಿದರೆ ಕಟ್ಟುವ ತೆರಿಗೆ) ಕಟ್ಟಿತ್ತೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ. 2024ರಲ್ಲಿ ಜೈಂಟ್ಸ್ ಗೆರೆ ದಾಟಿತ್ತು, ಆದ್ದರಿಂದ ಆಡಾಮೆಸ್‌ಗಾಗಿ ಎರಡನೆಯ ಮತ್ತು ಐದನೆಯ ಅತ್ಯುತ್ತಮ ಪಿಕ್, ಜೊತೆಗೆ ವಿದೇಶಿ ಹುಡುಗರನ್ನು ಸೇರಿಸಿಕೊಳ್ಳುವ ನಿಧಿಯಿಂದ 10 ಲಕ್ಷ ಡಾಲರ್ ಕಳೆದುಕೊಂಡಿತು. 2025ರಲ್ಲಿ ಗೆರೆಯೊಳಗೆ ಉಳಿದಿದೆ. ಈಗ ಅಂಥದೇ ಸೈನಿಂಗ್‌ಗೆ ಎರಡನೆಯ ಪಿಕ್ ಮತ್ತು 5 ಲಕ್ಷ ಡಾಲರ್ ಹೋದರೆ ಮುಗಿಯಿತು. ಹೋದ ವರ್ಷಕ್ಕಿಂತ ಅಗ್ಗ, ನಿಜ. ಆದರೆ 2024ರ ಡ್ರಾಫ್ಟ್‌ನಲ್ಲೂ ಚಾಪ್‌ಮನ್, ಬ್ಲೇಕ್ ಸ್ನೆಲ್ ಸಲುವಾಗಿ ಪಿಕ್ ಕೊಟ್ಟಾಗಿತ್ತು. ಸತತ ಮೂರನೇ ವರ್ಷ ಎರಡನೇ ಸುತ್ತು ಖಾಲಿ ಬಿಟ್ಟರೆ 2028, 2029ರಲ್ಲಿ ಮತ್ತೆ ಇದೇ ಜಾಗದಲ್ಲಿ ಪಿಚರ್ ಹುಡುಕುತ್ತಾ ಕೂರಬೇಕು.

ಇಮಾಯಿಗೆ ಡ್ರಾಫ್ಟ್ ಪಿಕ್ ಹೋಗುವುದಿಲ್ಲ, ಅವನ ಜಪಾನಿ ತಂಡ ಸೇಯಿಬು ಲಯನ್ಸ್‌ಗೆ ಪೋಸ್ಟಿಂಗ್ ಶುಲ್ಕ (ಆಟಗಾರನನ್ನು ಬಿಟ್ಟುಕೊಡುವ ಹಣ) ಹೋಗುತ್ತದೆ. ಮೊದಲ 25 ಮಿಲಿಯನ್‌ಗೆ ಶೇ. 20, ಮುಂದಿನ 25ಕ್ಕೆ ಶೇ. 17.5, ಅದರಾಚೆಗೆ ಶೇ. 15. ಒಪ್ಪಂದ 100 ಮಿಲಿಯನ್ ಆದರೆ 5 + 4.375 + 7.5, ಒಟ್ಟು 16.875 ಮಿಲಿಯನ್. ಇದು ಲಕ್ಷುರಿ ಟ್ಯಾಕ್ಸ್ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಜುಂಗ್ ಹೂ ಲೀಯ 113 ಮಿಲಿಯನ್‌ಗೂ ಇದೇ ಸೂತ್ರ, ಅವನ ಕೊರಿಯನ್ ತಂಡ ಕಿವೂಮ್ ಹೀರೋಸ್‌ಗೆ 18.825 ಮಿಲಿಯನ್ ಹೋಯಿತು. ಇಮಾಯಿಯ ವಯಸ್ಸು 27, 2025ರಲ್ಲಿ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟ ರನ್‌ಗಳ ಸರಾಸರಿ) 1.92. ಎಚ್ಚರ ಬೇಕಾದ್ದು ಒಂದು ಕಡೆ: ಅಲ್ಲಿ ಸ್ಟಾರ್ಟರ್ ವಾರಕ್ಕೊಮ್ಮೆ ಎಸೆಯುತ್ತಾನೆ, ಇಲ್ಲಿ ಐದಾರು ದಿನಕ್ಕೊಮ್ಮೆ, ಚೆಂಡೂ ಇಲ್ಲಿಯದು ಹೆಚ್ಚು ಜಾರುತ್ತದೆ. ಮೊದಲ ವರ್ಷ 150 ಇನ್ನಿಂಗ್ಸ್‌ಗೆ ಮೀರಿ ಲೆಕ್ಕ ಹಾಕಬೇಡಿ. ಆದರೂ ನನ್ನ ಮತ ಇವನಿಗೇ.

ಸಿಂಕರ್_ಪ್ರೇಮಿ:

ಇನ್ನಿಂಗ್ಸ್ ಲೆಕ್ಕ ಛಲೋ ಹಾಕೀರಿ, ಒಪ್ಪತೀನಿ. ಆದ್ರ ಯಾವ ನಮೂನಿ ಪಿಚರ್ ಅನ್ನೋದನ್ನ ಬಿಟ್ಟೀರಿ ನೋಡ್ರಿ. ನಮ್ಮ ಮೈದಾನ ಆರೇಕಲ್ ಪಾರ್ಕ್‌ನ್ಯಾಗ ಬಲಗಡೆ ಗೆರಿ ಮ್ಯಾಲೆ ಗ್ವಾಡಿ 309 ಅಡಿ ದೂರ, ಎತ್ತರ 24 ಅಡಿ. ಅಲ್ಲಿಂದ ನಡುವಿನ ಕಡೆ ಸರಿದ್ರ 415 ಅಡಿ ತನಕ ಹೋಗ್ತದ. ಸಂಜಿ ಆತಂದ್ರ ಸಮುದ್ರದ ತಂಪು ಗಾಳಿ, ಚೆಂಡು ಓಡಂಗಿಲ್ಲ. ಹಿಂಗಾಗಿ ಬ್ಯಾರೆ ಊರಾಗ ಹೋಮ್ ರನ್ ಕೊಡೋ ಫ್ಲೈ ಬಾಲ್ ಪಿಚರ್ (ಅವನ ಚೆಂಡಿಗೆ ಹೊಡೆದ್ರ ಮ್ಯಾಲೆ ಹಾರ್ತದ) ಇಲ್ಲಿ ಉಳಕೋತಾನ. ಅಂಥಾವರು ಮಾರ್ಕೆಟ್‌ನ್ಯಾಗ ಸೋವಿ ಸಿಗ್ತಾರ. ಇತ್ತ ವಾಲ್ಡೆಜ್ ಗ್ರೌಂಡ್ ಬಾಲ್ ಪಿಚರ್ (ಹೊಡೆದ್ರ ಚೆಂಡು ನೆಲದ ಮ್ಯಾಲೆ ಉರುಳ್ತದ), ಯಾವ ಪಾರ್ಕ್‌ನ್ಯಾಗರ ನಡೀತಾನ, ಅದಕ್ಕ ಎಲ್ಲಾ ತಂಡದವರೂ ಅವಗ ರೊಕ್ಕ ಹಿಡಕೊಂಡ ನಿಂತಾರ. ನಮ್ಮ ಪಾರ್ಕ್ ಪುಕ್ಕಟೆ ಕೊಡೋ ಲಾಭಕ್ಕ ನಾವ್ಯಾಕ ಮತ್ತ ರೊಕ್ಕ ಕೊಡಬೇಕು?

ಗ್ರೌಂಡ್ ಬಾಲ್ ಕಡೆ ವೆಬ್ ಒಬ್ಬ ಸಾಕು. ಅವನ ಹಿಂದ ಚಾಪ್‌ಮನ್, ಆಡಾಮೆಸ್ ಇರೋದು ಗಟ್ಟಿ ಅದ. ಫಸ್ಟ್ ಬೇಸ್‌ನ್ಯಾಗ ಡೆವರ್ಸ್ ಜುಲೈದಾಗ ನಿಂತಾಂವ, ಇನ್ನೂ ಕಲೀಲಿಕ್ಕೆ ಹತ್ಯಾನ.

ಕ್ಯಾಚರ್ ವಿಷಯ ಯಾರೂ ಎತ್ತಲಿಲ್ಲ. ಪ್ಯಾಟ್ರಿಕ್ ಬೇಲಿ ಅಂಚಿನ ಚೆಂಡನ್ನ ಸ್ಟ್ರೈಕ್ ಅನಿಸೋದ್ರಾಗ ನುರಿತಾಂವ, ಅದರಿಂದ ನಮ್ಮ ಪಿಚರ್‌ಗಳ ಅಂಕಿ ಸುಧಾರಿಸ್ತಾವ. 2026ರಿಂದ ಬ್ಯಾಟರ್, ಪಿಚರ್, ಕ್ಯಾಚರ್ ಮೂವರಾಗ ಯಾರರ ಅಂಪೈರ್ ತೀರ್ಪನ್ನ ಯಂತ್ರಕ್ಕ ಕೇಳಬಹುದು. ತಂಡಕ್ಕ ಎರಡು ಸರತಿ, ಗೆದ್ರ ಆ ಸರತಿ ಉಳೀತದ. ದಿನಕ್ಕ ನಾಕೈದು ಚೆಂಡಿನ ಮಾತು ಇದ್ದೀತು, ಆದ್ರ ಎರಡು ಔಟ್ ಆಗಿ ಬೇಸ್ ತುಂಬಿದ್ದಾಗ ಅದ ದೊಡ್ಡದು. ಅಂಚಿನ ಮ್ಯಾಲೆ ಬದುಕೋ ಪಿಚರ್‌ಗೆ ಉದ್ದನ ಒಪ್ಪಂದ ಬರದು ಕೊಡೋ ಮೊದಲ ಇದನ್ನ ನೋಡಬೇಕು.

ಮೊದಲ ರೊಕ್ಕ ಹೋಗಬೇಕಾದ್ದು ಬುಲ್‌ಪೆನ್‌ಗೆ, ಅಂದ್ರ ಸ್ಟಾರ್ಟರ್ ಆದ ಮ್ಯಾಲೆ ಬಂದು ಎಸಿಯೋ ರಿಲೀವರ್‌ಗಳಿಗೆ. ಜುಲೈದಾಗ ಕಮೀಲೊ ಡೊವಾಲ್‌ನ ಯಾಂಕೀಸ್‌ಗೆ, ಟೈಲರ್ ರಾಜರ್ಸ್‌ನ ಮೆಟ್ಸ್‌ಗೆ ಕೊಟ್ಟಿವಿ. ರ್ಯಾಂಡಿ ರಾಡ್ರಿಗೆಜ್‌ಗೆ ಮೊಣಕೈ ಶಸ್ತ್ರಚಿಕಿತ್ಸಾ ಆಗೇದ, 2026 ಪೂರ್ತಿ ಸಿಗಂಗಿಲ್ಲ. ಸ್ಟಾರ್ಟರ್ ಆರನೇದು ಮುಗಿಸಿ ಹೋದ ಮ್ಯಾಲೆ ಉಳಿದ ಮೂರು ಯಾರು ಹಾಕ್ತಾರ? 2025ರ ಸೀಸನ್ ಮುಗಿದ ಮ್ಯಾಲೆ ರಾಜರ್ಸ್ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಯಾವ ತಂಡಕ್ಕರ ಹೋಗಬಹುದಾದಾಂವ) ಆಗ್ಯಾನ. ಸೀಸನ್ ನಡುವ ಟ್ರೇಡ್ ಆದಾಂವಗ ಕ್ವಾಲಿಫೈಯಿಂಗ್ ಆಫರ್ ಕೊಡಲಿಕ್ಕೆ ಬರಂಗಿಲ್ಲ, ಅದಕ್ಕ ಅವನ್ನ ವಾಪಸ್ ಕರಕೊಂಡ್ರ ಪಿಕ್ ಹೋಗೋ ಮಾತಿಲ್ಲ, ಬರೇ ರೊಕ್ಕ.

ಟ್ರಿಪಲ್ಸ್_ಆಲಿ:

ಡೆವರ್ಸ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ, ನಾನು ಹೇಳ್ತೇನೆ. ಜೂನ್ 15ಕ್ಕೆ ಕೊಟ್ಟದ್ದು ಜೋರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್, ಜೇಮ್ಸ್ ಟಿಬ್ಸ್, ಹೋಸೆ ಬೆಲ್ಲೊ. ಡೆವರ್ಸ್ ಇಲ್ಲಿ 90 ಪಂದ್ಯದಲ್ಲಿ 20 ಹೋಮ್ ರನ್ ಹೊಡೆದ. ಹಿಕ್ಸ್‌ಗೆ ಬಾಸ್ಟನ್‌ನಲ್ಲಿ ಸರಿಯಾಗಲಿಲ್ಲ. ಟಿಬ್ಸ್‌ನನ್ನು ಅವರೇ ಒಂದೂವರೆ ತಿಂಗಳಲ್ಲಿ ಡಾಡ್ಜರ್ಸ್‌ಗೆ ಕೊಟ್ಟು ಡಸ್ಟಿನ್ ಮೇಯನ್ನು ತಂದರು. ಆಟಗಾರರ ತೂಕ ನೋಡಿದರೆ ಟ್ರೇಡ್ ನಮ್ಮ ಪರವೇ ಉಂಟು.

ನಷ್ಟ ಇರುವುದು ಬೇರೆ ಕಡೆ. ಹ್ಯಾರಿಸನ್ ಕನಿಷ್ಠ ಸಂಬಳದ ಹತ್ತಿರ ಆಡುತ್ತಿದ್ದ ಎಡಗೈ ಸ್ಟಾರ್ಟರ್. 2026ಕ್ಕೆ ಕನಿಷ್ಠ ಸಂಬಳ 7.8 ಲಕ್ಷ ಡಾಲರ್. ಮೂರು ವರ್ಷದ ಸರ್ವಿಸ್ ಆಗುವವರೆಗೆ ಸುಮಾರಾಗಿ ಅಷ್ಟೇ, ಆಮೇಲೆ ಆರು ವರ್ಷ ತುಂಬುವವರೆಗೆ ಆರ್ಬಿಟ್ರೇಶನ್ (ಮಾತು ಕುದುರದಿದ್ದರೆ ಪಂಚರು ಸಂಬಳ ನಿರ್ಧರಿಸುವುದು). ಅಂಥವನು ಎಸೆಯುವ 130 ಇನ್ನಿಂಗ್ಸನ್ನು ಇವತ್ತು ಅಂಗಡಿಯಲ್ಲಿ ಕೇಳಿದರೆ ವರ್ಷಕ್ಕೆ 12–15 ಮಿಲಿಯನ್ ಹೇಳ್ತಾರೆ. ವರ್ಲ್ಯಾಂಡರ್‌ಗೇ 15 ಕೊಟ್ಟದ್ದು. ನಾವು ಈ ಚಳಿಗಾಲ ಪಿಚರ್ ಹುಡುಕುತ್ತಾ ಇರುವುದೇ ಡೆವರ್ಸ್ ಬೆಲೆಯ ಎರಡನೇ ಕಂತು ಮಾರಾಯ್ರೆ. ಆ ಟ್ರೇಡ್ ಮಾಡಬಾರದಿತ್ತು ಅಂತ ನಾನು ಹೇಳುವುದಿಲ್ಲ, ಈ ಕಂತನ್ನೂ ಸೇರಿಸಿಯೇ ಅದನ್ನು ತೂಗಬೇಕು.

ಇನ್ನೊಂದು ಬಿಗಿ ಉಂಟು. ನಮ್ಮ ಹುಡುಗ ಬ್ರೈಸ್ ಎಲ್‌ಡ್ರಿಜ್ ಕೂಡ ಎಡಗೈ ಬ್ಯಾಟರ್, ಅವನದ್ದೂ ಫಸ್ಟ್ ಬೇಸ್. ಅವನು, ಡೆವರ್ಸ್ ಇಬ್ಬರೂ ದಿನಾ ಆಡಿದರೆ ಫಸ್ಟ್ ಬೇಸ್, ಡಿಎಚ್ (ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಮಾಡುವ ಜಾಗ) ಎರಡೂ ಭರ್ತಿ, ಬೇರೆಯವರಿಗೆ ವಿಶ್ರಾಂತಿ ಕೊಡಲು ಡಿಎಚ್ ಸಿಗುವುದಿಲ್ಲ. ಎಲ್‌ಡ್ರಿಜ್‌ನನ್ನು ಕೊಟ್ಟು ಸ್ಟಾರ್ಟರ್ ತರಬೇಕು ಅಂತ ಕೆಲವರ ವಾದ. ನಾನು ಒಪ್ಪುವುದಿಲ್ಲ. ಆರು ವರ್ಷ ಅಗ್ಗದಲ್ಲಿ ಸಿಗುವ ದೊಡ್ಡ ಬ್ಯಾಟನ್ನು ಕೊಟ್ಟು ಎರಡು ವರ್ಷದ ಪಿಚರ್ ತಂದರೆ ಹ್ಯಾರಿಸನ್ ಕಥೆಯೇ ಮತ್ತೆ ಆಗ್ತದೆ.

ಟ್ರೇಡ್‌ಗೆ ಸಿಗುವವರು ಬೇರೆ ಇದ್ದಾರೆ. 2025ರ ಜುಲೈಯಲ್ಲಿ ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ತೆಗೆದ ಗ್ಯಾವಿನ್ ಕಿಲೆನ್‌ನನ್ನು ವರ್ಲ್ಡ್ ಸೀರೀಸ್ (ಲೀಗಿನ ಫೈನಲ್) ಮುಗಿಯುವವರೆಗೆ ಟ್ರೇಡ್ ಮಾಡುವ ಹಾಗಿರಲಿಲ್ಲ, ಈಗ ಮಾಡಬಹುದು. ಅವನು ಟೆನೆಸ್ಸೀಯಲ್ಲಿ ವೈಟೆಲ್ಲೊ ಕೈಕೆಳಗೇ ಆಡಿದವನು, ಬಿಡ್ತಾರೋ ಇಲ್ವೋ ನೋಡಬೇಕು.

40 ಜನರ ಪಟ್ಟಿಯನ್ನೂ ಮರೀಬೇಡಿ. ಸೀಸನ್‌ನಲ್ಲಿ 60 ದಿನದ ಗಾಯಾಳು ಪಟ್ಟಿಯಲ್ಲಿದ್ದವರು ಆ 40ರ ಲೆಕ್ಕಕ್ಕೆ ಸೇರುವುದಿಲ್ಲ. ಚಳಿಗಾಲದಲ್ಲಿ ಆ ಪಟ್ಟಿಯೇ ಇಲ್ಲ. ಹಾಗಾಗಿ ಆಡದ ರಾಡ್ರಿಗೆಜ್ ಕೂಡ ಸ್ಪ್ರಿಂಗ್ ಟ್ರೇನಿಂಗ್ ತನಕ ಒಂದು ಜಾಗ ಹಿಡಿದಿರ್ತಾನೆ. ಇಬ್ಬರು ಸ್ಟಾರ್ಟರ್, ಇಬ್ಬರು ರಿಲೀವರ್ ಬಂದರೆ ನಾಲ್ಕು ಜಾಗ ಬೇಕು. ಆಗ ಪಟ್ಟಿಯಿಂದ ತೆಗೆದವನನ್ನು ವೇವರ್‌ನಲ್ಲಿ ಬೇರೆ ತಂಡ ಎತ್ತಿಕೊಂಡು ಹೋದರೆ ನಮಗೆ ಏನೂ ಸಿಗುವುದಿಲ್ಲ. ಒಬ್ಬನಿಗೆ ಇಬ್ಬರನ್ನು ಕೊಡುವ ಟ್ರೇಡ್ ಈ ಹೊತ್ತಲ್ಲಿ ಒಳ್ಳೆಯದು ಅನ್ನುವುದು ಇದಕ್ಕೇ.

ಕೋವ್_ದಡ:

ಎರಡನೇ ಕಂತು ಅನ್ನೋ ಮಾತು ಮನಸ್ಸಿಗೆ ನಾಟಿತು. ಐಪಿಎಲ್ ಪರ್ಸ್ ಥರ ಇಲ್ಲಿ ದಾಟಬಾರದ ಗೆರೆ ಇಲ್ಲ ಅಂತ ಗೊತ್ತು. ಹಾಗಿದ್ರೆ ಇಮಾಯಿ, ವಾಲ್ಡೆಜ್ ಇಬ್ಬರನ್ನೂ ತಂದು ಟ್ಯಾಕ್ಸ್ ಕಟ್ಟಿದ್ರೆ ಏನು ನಷ್ಟ? ರಾಬಿ ರೇ ಆಫರ್ ಬೇಡ ಅಂದು ಹೋದ್ರೆ ಹಳೇ ತಂಡ ಅಂತ ನಮಗೆ ಪಿಕ್ ಬರುತ್ತಲ್ಲ?

ಆರನೇ_ಇನ್ನಿಂಗ್ಸ್:

ರೇ ವಿಷಯ ಮೊದಲು: ಬರುವುದಿಲ್ಲ. ಒಬ್ಬ ಆಟಗಾರನಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಕ್ವಾಲಿಫೈಯಿಂಗ್ ಆಫರ್. ರೇಗೆ 2021ರಲ್ಲೇ ಟೊರಾಂಟೊ ಕೊಟ್ಟಿತ್ತು, ಅವನು ಬೇಡ ಅಂದು ಸಿಯಾಟಲ್‌ಗೆ ಹೋದ. 2026 ಮುಗಿದ ಮೇಲೆ ಅವನು ಹೊರಟರೆ ನಮಗೆ ಸೊನ್ನೆ. ಸ್ನೆಲ್ 2024ರಲ್ಲಿ ಡಾಡ್ಜರ್ಸ್‌ಗೆ ಹೋದಾಗಲೂ ಹೀಗೇ ಆಯಿತು. ಪಿಕ್ ಕೊಟ್ಟು ತಂದವನು ಒಂದೇ ವರ್ಷಕ್ಕೆ ಹೋದ, ವಾಪಸ್ ಏನೂ ಬರಲಿಲ್ಲ. ಹಾಗಾಗಿ 2026ರ ಜುಲೈನಲ್ಲಿ ತಂಡ ಹಿಂದೆ ಬಿದ್ದಿದ್ದರೆ ರೇಯನ್ನು ಟ್ರೇಡ್ ಮಾಡಲೇಬೇಕು.

ಟ್ಯಾಕ್ಸ್ ಲೆಕ್ಕಕ್ಕೆ ಆ ವರ್ಷದ ಸಂಬಳ ಮುಖ್ಯವಲ್ಲ, ಒಪ್ಪಂದದ ವಾರ್ಷಿಕ ಸರಾಸರಿ ಮುಖ್ಯ. ಆಡಾಮೆಸ್ 26, ಚಾಪ್‌ಮನ್ 25.17, ಲೀ 18.83, ವೆಬ್ 18. ನಾಲ್ವರಿಗೇ 88 ಮಿಲಿಯನ್. ಡೆವರ್ಸ್, ರೇ ಸೇರಿದರೆ 140 ದಾಟುತ್ತದೆ. ಆಟಗಾರರ ವಿಮೆ, ಪಿಂಚಣಿ ಪಾಲೂ ಅದರೊಳಗೇ ಬರಬೇಕು. 2026ರ ಗೆರೆ 244 ಮಿಲಿಯನ್. ಗೆರೆಯೊಳಗೆ ಒಂದು ವರ್ಷ ಕಳೆದಿರುವುದರಿಂದ ದರ ಮತ್ತೆ ಶೇ. 20ಕ್ಕೆ ಇಳಿದಿದೆ. 10 ಮಿಲಿಯನ್ ಮೀರಿದರೆ ಕಟ್ಟುವುದು ಬರೀ 2. ಹಣ ದೊಡ್ಡದಲ್ಲ. ಆದರೆ ಮುಂದಿನ ಚಳಿಗಾಲ ಆಫರ್ ಬೇಡ ಅಂದವನನ್ನು ತಂದರೆ ಮತ್ತೆ ಎರಡು ಪಿಕ್, 10 ಲಕ್ಷ ಡಾಲರ್. ನಮ್ಮವನು ಹೊರಗೆ ಹೋದರೆ ಸಿಗುವ ಪಿಕ್ಕೂ ನಾಲ್ಕನೇ ಸುತ್ತಿನ ಕೊನೆಗೆ ಜಾರುತ್ತದೆ. ಇಬ್ಬರನ್ನೂ ತಂದು ಗೆಲ್ಲುವ ಧೈರ್ಯ ಇದ್ದರೆ ಈ ವರ್ಷವೇ ಮೀರಬೇಕು, ಅರೆಮನಸ್ಸಿನಿಂದ 2024ರ ಥರ ಎರಡು ಮೂರು ಮಿಲಿಯನ್ ಟ್ಯಾಕ್ಸ್‌ಗಾಗಿ ಮೀರುವುದು ಎಲ್ಲಕ್ಕಿಂತ ಕೆಟ್ಟದು.

ಸಿಂಕರ್_ಪ್ರೇಮಿ:

ಇನ್ನೊಂದು ಮಾತು. ಒಪ್ಪಂದ ಆತು ಅಂತ ಸುದ್ದಿ ಬಂದ ಕೂಡಲೇ ಯಾರೂ ಪಟ್ಟಿ ಬರದು ಕೂಡಬ್ಯಾಡ್ರಿ. ವೈದ್ಯಕೀಯ ತಪಾಸಣೆ ಮುಗಿಯೋ ತನಕ ಏನೂ ಖಾತ್ರಿ ಇಲ್ಲ. 2022ರ ಡಿಸೆಂಬರ್‌ನ್ಯಾಗ ಕಾರ್ಲೋಸ್ ಕೊರೆಯಾ 13 ವರ್ಷ, 350 ಮಿಲಿಯನ್‌ಗೆ ಒಪ್ಪಿದ್ದ. ಕಾಲಿನ ಹಳೇ ಪೆಟ್ಟಿನ ಸಲುವಾಗಿ ನಿಂತಿತು. ಮೆಟ್ಸ್ 12 ವರ್ಷ, 315ಕ್ಕ ಬಂದರು, ಅದೂ ಮುರೀತು, ಕಡೀಕ ಮಿನೆಸೋಟದಾಗ 6 ವರ್ಷ, 200. ಪಿಚರ್‌ಗಂದ್ರ ಭುಜ, ಮೊಣಕೈ ಚಿತ್ರ ಇನ್ನೂ ಬಿಗಿಯಾಗಿ ನೋಡ್ತಾರ. ಕಿಂಗ್ 2025ರಾಗ ಹದಿನೈದ ಸಲ ಸ್ಟಾರ್ಟ್ ಮಾಡ್ಯಾನ, ಭುಜದ ತೊಂದ್ರಿ ಇತ್ತು. ಅವನ ಹೆಸರು ನಮ್ಮ ಜೋಡಿ ಕೇಳಿ ಬಂದ್ರ ಮೊತ್ತಕ್ಕಿಂತ ಮೊದಲ ಎಷ್ಟು ವರ್ಷ ಅಂತ ನೋಡ್ರಿ. ಎರಡು ಅಂದ್ರ ಆಗಲಿ. ಐದು ಅಂದ್ರ ಬ್ಯಾಡ.